ಬಾಗಿಲು ಮುಚ್ಚಿದವರು, ಬಾಗಿಲು ಕಂಡವರು



ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ ಮೊದಲು ಹೆಬ್ಬಾಳ, ಅನಂತರ ಜಕ್ಕೂರು, ಅದನ್ನು ದಾಟಿದರೆ ಯಲಹಂಕ. ಪಡುವಣಕ್ಕೆ ಹೊರಳಿದರೆ ಯಶವಂತಪುರ. ಈ ಊರುಗಳ ಇತಿಹಾಸವೆಂದೊಡನೆ ನಮಗೆ ಯಲಹಂಕದ ನಾಡಪ್ರಭುಗಳು ನೆನಪಾಗುತ್ತಾರೆ. ಇನ್ನೂ ಹಿಂದಕ್ಕೆ ಹೋದರೆ, ಎಂಟನೆಯ ಶತಮಾನದಲ್ಲಿ, ಗಂಗರ ಶ್ರೀಪುರುಷನ ಕಾಲದಲ್ಲಿ, ನಾಡಿನ ಮೇಲೆ ಬಂದ ದಂಡನ್ನು ತಡೆಯಹೋಗಿ ಮಡಿದ ಹೆಬ್ಬಾಳದ ಕಿತ್ತಯ್ಯ ನೆನಪಾಗುತ್ತಾನೆ. 2018ರಲ್ಲಿ ದೊರೆತ ಅವನ ವೀರಗಲ್ಲು ಬೆಂಗಳೂರಿನ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಹೊರಗಿನಿಂದ ಬಂದವನನ್ನು ಎಲ್ಲೆಯಲ್ಲಿಯೇ ತಡೆಯುವ ಆ ಕೆಲಸ ಇದೇ ನೆಲದಲ್ಲಿ ಸುಮಾರು ನೂರು ವರ್ಷಗಳಿಂದ ಇನ್ನೊಂದು ಬಗೆಯಲ್ಲಿ ನಡೆದುಬಂದಿದೆ. ಇಲ್ಲಿ ವೈರಿ ಎಂದರೆ ಕಣ್ಣಿಗೆ ಕಾಣದ ವೈರಸ್. ಎಲ್ಲೆ ಎಂದರೆ ಜೀವಕೋಶದ ತೆಳುವಾದ ಪೊರೆ.

ಎರಡು ರೋಗಗಳ ಇತಿಹಾಸವನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ನೋಡುವುದು ಈ ಭಾಷಣದ ಉದ್ದೇಶ. ಒಂದು ದನಕರುಗಳ ದೊಡ್ಡರೋಗ. ಇನ್ನೊಂದು ಮನುಷ್ಯರ ಏಡ್ಸ್. ಮೊದಲನೆಯದರಲ್ಲಿ ವೈರಿ ಒಳಕ್ಕೆ ಬರುವ ಬಾಗಿಲು ಯಾವುದೆಂಬುದು ತಿಳಿಯದಿದ್ದರೂ ಬಾಗಿಲು ಶಾಶ್ವತವಾಗಿ ಮುಚ್ಚಿತು. ಎರಡನೆಯದರಲ್ಲಿ ಬಾಗಿಲಿನ ಚಿಲಕ, ಅಗುಳಿ, ಮೊಳೆ ಎಲ್ಲವೂ ತಿಳಿದವು. ಬಾಗಿಲು ಮಾತ್ರ ಇನ್ನೂ ಪೂರ್ತಿಯಾಗಿ ಮುಚ್ಚಿಲ್ಲ. ಹಾಗಾದರೆ ಅಷ್ಟೆಲ್ಲ ತಿಳಿದುಕೊಂಡದ್ದರಿಂದ ಬಂದ ಫಲವೇನು? ನಾನು ಕನ್ನಡ ಪಾಠ ಹೇಳಿಕೊಂಡು ಬಂದವನು, ವಿಜ್ಞಾನಿಯಲ್ಲ. ಆದರೆ ಇದು ಪ್ರಯೋಗಶಾಲೆಗೆ ಮಾತ್ರ ಸೇರಿದ ಪ್ರಶ್ನೆಯಲ್ಲವೆಂದು ನನಗೆ ತೋರಿದೆ.

ದೊಡ್ಡರೋಗದ ಹೆಸರನ್ನು ಇಂದಿನ ತರುಣರು ಕೇಳಿರಲಾರರು; ಅದೇ ಒಂದು ಭಾಗ್ಯ. ಇಂಗ್ಲಿಷಿನವರು ಇದನ್ನು ಜರ್ಮನ್ ಮಾತಿನಿಂದ ಎರವಲು ಪಡೆದು ರಿಂಡರ್‌ಪೆಸ್ಟ್ ಎಂದರು. ಬಲವಾದ ಜ್ವರ, ಬಾಯೊಳಗೆ ಹುಣ್ಣು, ಕಣ್ಣುಮೂಗುಗಳಲ್ಲಿ ಸುರಿಯುವ ನೀರು, ಆಮೇಲೆ ನಿಲ್ಲದ ಭೇದಿ. ಕೆಲವೇ ದಿನಗಳಲ್ಲಿ ಹಟ್ಟಿ ಬರಿದು. ಉಳುವ ಜೋಡಿ ಎತ್ತುಗಳು ಸತ್ತರೆ ರೈತನ ಆ ವರ್ಷದ ಬೇಸಾಯವೂ ಅವುಗಳೊಡನೆ ಸತ್ತಂತೆಯೇ. 1761ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಜಗತ್ತಿನ ಮೊದಲ ಪಶುವೈದ್ಯ ಶಾಲೆ ಹುಟ್ಟಲು ಈ ರೋಗದ ಭಯ ಒಂದು ಮುಖ್ಯ ಕಾರಣ. 1880ರ ದಶಕದ ಕೊನೆಯಲ್ಲಿ ಇದು ಆಫ್ರಿಕಾ ಖಂಡವನ್ನು ಹೊಕ್ಕು ದನಗಳನ್ನು ಕೊಂದಿತು. ಉಳುಮೆ ನಿಂತು ಇಥಿಯೋಪಿಯದಲ್ಲಿ ಮಹಾಕ್ಷಾಮ ತಲೆದೋರಿತು. ನಮ್ಮ ದೇಶದಲ್ಲಿ ಸರ್ಕಾರ ನೇಮಿಸಿದ ದನಗಳ ಪಿಡುಗಿನ ಆಯೋಗ 1871ರಲ್ಲಿ ವರದಿ ಕೊಟ್ಟಿತು. 1889ರಲ್ಲಿ ಪುಣೆಯಲ್ಲಿ ಒಂದು ಪ್ರಯೋಗಾಲಯ ಆರಂಭವಾಗಿ, ಅದು ಕೆಲವು ವರ್ಷಗಳಲ್ಲಿಯೇ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು.

ನಮ್ಮ ಹಳ್ಳಿಗಳಲ್ಲಿ ಇಂಥ ಪಿಡುಗಿಗೆ ಇದ್ದ ಹೆಸರು ಮಾರಿ. ಮಾರಿ ಬಡಿದಿದೆ ಎಂದರು, ಪೂಜೆ ಮಾಡಿದರು, ಗಾಡಿಯಲ್ಲಿಯೋ ಮೊರದಲ್ಲಿಯೋ ಮಾರಿಯನ್ನಿಟ್ಟು ಊರಿನ ಗಡಿಯನ್ನು ದಾಟಿಸಿ ಬಂದರು. ಗಡಿಯಾಚೆಯವರು ಅದನ್ನು ಮುಂದಿನ ಊರಿಗೆ ದಾಟಿಸಿದರು. ಇದನ್ನು ಮೌಢ್ಯವೆಂದು ನಕ್ಕುಬಿಡುವುದು ಸುಲಭ. ಆದರೆ ರೋಗವು ಹೊರಗಿನಿಂದ ಬರುತ್ತದೆ, ಅದಕ್ಕೊಂದು ದಾರಿಯಿದೆ, ಆ ದಾರಿಯನ್ನು ಕಟ್ಟಬೇಕು ಎಂಬ ತಿಳಿವು ಆ ಆಚರಣೆಯಲ್ಲಿದೆ. ದಾರಿ ಎಲ್ಲಿದೆ ಎಂಬುದು ಮಾತ್ರ ತಿಳಿದಿರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಈ ದಾರಿಯನ್ನು ಹುಡುಕುವ ಕೆಲಸ ಹೆಬ್ಬಾಳಕ್ಕೆ ಬಂದದ್ದು ಆಕಸ್ಮಿಕವಲ್ಲ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದಾಗ ಇಲ್ಲಿ ಮೂವತ್ತು ಎಕರೆ ನೆಲದಲ್ಲಿ ಬೇಸಾಯದ ಪ್ರಯೋಗಕ್ಷೇತ್ರ ಆರಂಭವಾಯಿತು. 1913ರಲ್ಲಿ ಕೃಷಿ ಶಾಲೆ ತೆರೆಯಿತು. ಮಣ್ಣು, ಬೆಳೆ, ದನ ಇವುಗಳ ವಿದ್ಯೆ ಒಂದೇ ಕಡೆ ಬೇರುಬಿಟ್ಟಮೇಲೆ, 1920ರ ದಶಕದಲ್ಲಿ ದೊಡ್ಡರೋಗಕ್ಕೆ ಸೀರಂ ತಯಾರಿಸುವ ಸಂಸ್ಥೆಯೂ ಹೆಬ್ಬಾಳದಲ್ಲಿ ಸ್ಥಾಪಿತವಾಯಿತು. ಅಂದಿನ ಮೈಸೂರು ಸೀರಂ ಸಂಸ್ಥೆಯೇ ಇಂದು ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಎನಿಸಿಕೊಂಡಿದೆ.

ಸೀರಂ ಎಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯಾದ ರಸ. ಒಮ್ಮೆ ದೊಡ್ಡರೋಗ ಬಂದು ಬದುಕಿಕೊಂಡ ದನಕ್ಕೆ ಆ ರೋಗ ಮತ್ತೆ ಬಾರದು ಎಂಬುದು ರೈತರಿಗೆ ಬಹು ಹಿಂದಿನಿಂದ ತಿಳಿದಿದ್ದ ಸಂಗತಿ. ಅಂಥ ದನದ ಸೀರಮ್ಮನ್ನು ಚುಚ್ಚಿದರೆ ಬೇರೆ ದನಕ್ಕೂ ಕೆಲವು ಕಾಲ ರಕ್ಷಣೆ ದೊರೆಯುತ್ತದೆ. ಒಂದು ಕಡೆ ರೋಗದ ರಕ್ತವನ್ನೂ ಇನ್ನೊಂದು ಕಡೆ ಸೀರಮ್ಮನ್ನೂ ಒಟ್ಟಿಗೆ ಚುಚ್ಚುವ ಕ್ರಮವನ್ನು ದಕ್ಷಿಣ ಆಫ್ರಿಕಾದಲ್ಲಿ 1897ರಲ್ಲಿ ರೂಪಿಸಿದರು. ರೋಗ ಬರುತ್ತದೆ, ಆದರೆ ಮೆಲ್ಲಗೆ ಬಂದು ಹೋಗುತ್ತದೆ. ಆಮೇಲೆ ಜೀವಮಾನವಿಡೀ ರಕ್ಷಣೆ. ಇದೊಂದು ಅಪಾಯದ ಆಟವೇ ಸರಿ. ಹಾಗಿದ್ದರೂ ಅಂದು ಅದಕ್ಕಿಂತ ಮೇಲಾದ ದಾರಿಯಿರಲಿಲ್ಲ.

ಆ ಕಾಲದವರಿಗೆ ವೈರಿಯ ವಿಷಯದಲ್ಲಿ ಗೊತ್ತಿದ್ದುದೆಷ್ಟು? 1902ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ನಿಕೋಲ್ ಮತ್ತು ಆದಿಲ್ ಬೇ ಎಂಬ ಇಬ್ಬರು, ಬ್ಯಾಕ್ಟೀರಿಯಗಳನ್ನು ತಡೆಯುವ ಸೋಸುಕದಲ್ಲಿ ಸೋಸಿದರೂ ರೋಗದ ಕಾರಣ ಅದರ ಮೂಲಕ ಹಾದುಹೋಗುತ್ತದೆ ಎಂದು ತೋರಿಸಿದ್ದರು. ಅಷ್ಟೆ. ಅದರ ಆಕಾರ ಗೊತ್ತಿಲ್ಲ, ಅದು ದನದ ಯಾವ ಜೀವಕೋಶವನ್ನು ಹೊಗುತ್ತದೆ, ಹೇಗೆ ಹೊಗುತ್ತದೆ ಎಂಬುದು ಗೊತ್ತಿಲ್ಲ. ಆದರೂ ಕೆಲಸ ನಡೆಯಿತು. 1920ರ ದಶಕದಲ್ಲಿ ಎಡ್ವರ್ಡ್ಸ್ ಎಂಬವರು ಮುಕ್ತೇಶ್ವರದಲ್ಲಿ ಆ ವೈರಸ್ಸನ್ನು ಮೇಕೆಯಿಂದ ಮೇಕೆಗೆ ನೂರಾರು ಸಲ ದಾಟಿಸಿ, ಅದರ ಉಗ್ರತೆಯನ್ನು ತಗ್ಗಿಸಿ ಲಸಿಕೆ ಮಾಡಿದರು. 1954ರಲ್ಲಿ ಭಾರತ ಸರ್ಕಾರ ದೊಡ್ಡರೋಗದ ನಿರ್ಮೂಲನಕ್ಕೆ ರಾಷ್ಟ್ರವ್ಯಾಪಿ ಕಾರ್ಯಕ್ರಮ ಕೈಗೊಂಡಿತು. 1960ರ ಸುಮಾರಿಗೆ ಕೆನ್ಯಾದಲ್ಲಿ ವಾಲ್ಟರ್ ಪ್ಲೌರೈಟ್ ಕರುವಿನ ಮೂತ್ರಪಿಂಡದ ಕೋಶಗಳಲ್ಲಿ ವೈರಸ್ಸನ್ನು ಬೆಳೆಸಿ ಇನ್ನೂ ಸೌಮ್ಯವಾದ, ನಂಬಿಕೆಗೆ ಅರ್ಹವಾದ ಲಸಿಕೆಯನ್ನು ಸಿದ್ಧಪಡಿಸಿದರು.

ಲಸಿಕೆ ಸೀಸೆಯಲ್ಲಿದ್ದರೆ ಸಾಲದು, ಹಟ್ಟಿಯವರೆಗೆ ಹೋಗಬೇಕು. ಬಿಸಿಲಿನಲ್ಲಿ ಕೆಡುವ ಮದ್ದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟುಕೊಂಡು ಊರೂರು ಅಲೆದ ಪಶುವೈದ್ಯರು, ಬೆದರಿದ ಹೋರಿಯ ಮೂಗುದಾರ ಹಿಡಿದು ನಿಂತ ರೈತರು, ಲೆಕ್ಕ ಬರೆದುಕೊಂಡ ಸಹಾಯಕರು: ಇವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. ಭಾರತದಲ್ಲಿ ಕೊನೆಯ ದೊಡ್ಡರೋಗ 1995ರಲ್ಲಿ ತಮಿಳುನಾಡಿನಲ್ಲಿ ಕಾಣಿಸಿಕೊಂಡಿತು. ಆಮೇಲೆ ರೋಗ ನಿಜವಾಗಿ ಹೋಗಿದೆಯೇ ಎಂಬುದನ್ನು ರುಜುವಾತುಪಡಿಸಬೇಕಷ್ಟೆ? ದೇಶದ ಉದ್ದಗಲಕ್ಕೂ ದನಗಳ ರಕ್ತದ ಮಾದರಿಗಳನ್ನು ತರಿಸಿ ಪರೀಕ್ಷಿಸುವ ಆ ಕೆಲಸದಲ್ಲಿ ಬೆಂಗಳೂರಿನ ಪಶುರೋಗ ಸರ್ವೇಕ್ಷಣಾ ಯೋಜನೆಯದು ದೊಡ್ಡ ಪಾತ್ರ. ಈಗ ಯಲಹಂಕದ ರಾಮಗೊಂಡನಹಳ್ಳಿಯಲ್ಲಿ ನಿವೇದಿ ಎಂಬ ಸಂಕ್ಷಿಪ್ತ ಹೆಸರಿನಿಂದ ಇರುವ ಕೇಂದ್ರ ಸಂಸ್ಥೆ ಅದರದೇ ಮುಂದುವರಿಕೆ. 2006ರಲ್ಲಿ ಭಾರತ ದೊಡ್ಡರೋಗದಿಂದ ಮುಕ್ತವೆಂದು ಅಂತರರಾಷ್ಟ್ರೀಯ ಪಶು ಆರೋಗ್ಯ ಸಂಸ್ಥೆ ಒಪ್ಪಿತು. 2011ರಲ್ಲಿ ಇಡೀ ಜಗತ್ತು ಮುಕ್ತವಾಯಿತೆಂದು ಸಾರಲಾಯಿತು. ಮನುಷ್ಯ ಬೇರುಸಹಿತ ಕಿತ್ತ ರೋಗಗಳು ಈವರೆಗೆ ಎರಡೇ. ಒಂದು ಸಿಡುಬು, ಇನ್ನೊಂದು ಇದು.

ಇಲ್ಲಿ ಇತಿಹಾಸದ ಒಂದು ಸೋಜಿಗವನ್ನು ಗಮನಿಸಬೇಕು. ವೈರಸ್ ಎಂಬುದು ತಾನಾಗಿ ಬದುಕಲಾರದು. ಜೀವಕೋಶದ ಒಳಹೊಕ್ಕರೆ ಮಾತ್ರ ಅದಕ್ಕೆ ಸಂತಾನ. ಒಳಹೊಗಬೇಕಾದರೆ ಮೊದಲು ಕೋಶದ ಮೇಲೆ ಏನನ್ನಾದರೂ ಹಿಡಿದುಕೊಳ್ಳಬೇಕು. ಕೋಶದ ಮೇಲಿರುವ ಆ ಹಿಡಿಕೆಗೆ ವಿಜ್ಞಾನಿಗಳು ರಿಸೆಪ್ಟರ್ ಎನ್ನುತ್ತಾರೆ, ಕನ್ನಡದಲ್ಲಿ ಗ್ರಾಹಕ. ಸಂತೆಯ ಗ್ರಾಹಕನಲ್ಲ, ಹಿಡಿಯುವಂಥದು ಎಂಬ ಮೂಲಾರ್ಥದ ಗ್ರಾಹಕ. ದೊಡ್ಡರೋಗದ ವೈರಸ್ಸಿನ ಕೊಬ್ಬಿನ ಹೊದಿಕೆಯ ಮೇಲೆ ಎರಡು ಬಗೆಯ ಪ್ರೋಟೀನುಗಳು ಮುಳ್ಳುಗಳಂತೆ ನಿಂತಿರುತ್ತವೆ. ಎಚ್ ಎಂಬ ಪ್ರೋಟೀನು ಗ್ರಾಹಕವನ್ನು ಹಿಡಿಯುತ್ತದೆ. ಎಫ್ ಎಂಬುದು ವೈರಸ್ಸಿನ ಹೊದಿಕೆಯನ್ನೂ ಕೋಶದ ಪೊರೆಯನ್ನೂ ಬೆಸೆಯುತ್ತದೆ. ಆ ಗ್ರಾಹಕ ಯಾವುದೆಂಬುದು ತಿಳಿದದ್ದು ಯಾವಾಗ? ಜಪಾನಿನ ಯಾನಾಗಿ ಮತ್ತು ಅವರ ಸಂಗಡಿಗರು 2000ದಲ್ಲಿ ದಡಾರದ ವೈರಸ್ಸಿಗೆ, 2001ರಲ್ಲಿ ಅದರ ದಾಯಾದಿಯಾದ ದೊಡ್ಡರೋಗದ ವೈರಸ್ಸಿಗೆ, ರಕ್ತದ ಬಿಳಿಕೋಶಗಳ ಮೇಲಿರುವ ಸ್ಲಾಮ್ ಎಂಬ ಪ್ರೋಟೀನೇ ಬಾಗಿಲು ಎಂದು ತೋರಿಸಿಕೊಟ್ಟರು. ಆ ಹೊತ್ತಿಗೆ ಭಾರತದ ಹಟ್ಟಿಗಳಿಂದ ರೋಗ ಹೋಗಿ ಆರು ವರ್ಷಗಳಾಗಿದ್ದವು! ಹೆಬ್ಬಾಳದ ಸೀರಂ ಏನು ಮಾಡುತ್ತಿತ್ತು ಎಂಬುದನ್ನು ನಾವು ಈಗ ಹೇಳಬಲ್ಲೆವು: ಅದರಲ್ಲಿದ್ದ ಪ್ರತಿಕಾಯಗಳು ಆ ಮುಳ್ಳುಗಳನ್ನು ಮುಚ್ಚಿ, ಬಾಗಿಲನ್ನು ಹಿಡಿಯದಂತೆ ಮಾಡುತ್ತಿದ್ದವು. ಮಾಡಿದವರಿಗೆ ಅದು ತಿಳಿದಿರಲಿಲ್ಲ.

ಯಶವಂತಪುರದ ಬದಿಯಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಶೈಲಾ ಅವರು ಈ ವೈರಸ್ಸನ್ನು ಬಹುಕಾಲ ಅಭ್ಯಾಸ ಮಾಡಿದರು. ಅವರೂ ಜಿ. ಲಕ್ಷ್ಮೀ ಸೀತಾ ಅವರೂ ಸಂಗಡಿಗರೊಡನೆ ಸೇರಿ ಎಚ್ ಪ್ರೋಟೀನಿನ ಜೀನನ್ನು ಕಡಲೆಕಾಯಿ ಗಿಡಕ್ಕೆ ಸೇರಿಸಿದರು. ಅದರ ಸೊಪ್ಪನ್ನು ಮೇಯಿಸಿದ ದನಗಳಲ್ಲಿ ದೊಡ್ಡರೋಗದ ವಿರುದ್ಧ ಪ್ರತಿಕಾಯಗಳು ಮೂಡಿದವೆಂದು 2003ರಲ್ಲಿ ಪ್ರಕಟಿಸಿದರು. ಮೇವೇ ಮದ್ದಾಗುವ ಈ ಕನಸು ಎಂಥ ಸೊಗಸಾದದ್ದು! ಆದರೆ ಅದು ನನಸಾಗುವ ವೇಳೆಗೆ ರೋಗವೇ ಇರಲಿಲ್ಲ.

ಇನ್ನು ಎರಡನೆಯ ರೋಗದ ಮಾತು. ಎಚ್‌ಐವಿ ಬೇರೊಂದು ಕುಲದ ವೈರಸ್. ಇದನ್ನು ರೆಟ್ರೋವೈರಸ್ ಎನ್ನುತ್ತಾರೆ. ಈ ಕುಲದ ಇತಿಹಾಸ ಒಂದು ಕೋಳಿಯಿಂದ ಮೊದಲಾಗುತ್ತದೆ. 1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್, ಕೋಳಿಯ ಗಡ್ಡೆಯೊಂದನ್ನು ಅರೆದು ಸೋಸಿದ ರಸದಿಂದ ಇನ್ನೊಂದು ಕೋಳಿಯಲ್ಲಿ ಗಡ್ಡೆಯೇಳಿಸಿದರು. 1970ರಲ್ಲಿ ಟೆಮಿನ್ ಮತ್ತು ಬಾಲ್ಟಿಮೋರ್ ಈ ಕುಲದ ಗುಟ್ಟನ್ನು ಬಿಡಿಸಿದರು. ಸಾಮಾನ್ಯವಾಗಿ ಜೀವಕೋಶದಲ್ಲಿ ಡಿಎನ್‌ಎ ಬರೆಹ ಆರ್‌ಎನ್‌ಎ ಆಗಿ ನಕಲಾಗುತ್ತದೆ. ಈ ವೈರಸ್ಸು ತನ್ನ ಆರ್‌ಎನ್‌ಎಯನ್ನು ಹಿಮ್ಮುಖವಾಗಿ ಡಿಎನ್‌ಎ ಆಗಿ ಬರೆದು, ಆ ಬರೆಹವನ್ನು ನಮ್ಮ ಕೋಶದ ಮೂಲಗ್ರಂಥದೊಳಕ್ಕೇ ಸೇರಿಸಿಬಿಡುತ್ತದೆ. ಹಸ್ತಪ್ರತಿಗಳಲ್ಲಿ ಯಾರೋ ನಡುವೆ ತುರುಕಿದ ಪ್ರಕ್ಷಿಪ್ತ ಪದ್ಯ ಮುಂದಿನ ಎಲ್ಲ ಪ್ರತಿಗಳಲ್ಲಿಯೂ ಉಳಿದುಬಿಡುವುದನ್ನು ನಮ್ಮ ಗ್ರಂಥಸಂಪಾದಕರು ಬಲ್ಲರು. ಇದೂ ಹಾಗೆಯೇ.

ಏಡ್ಸ್ ರೋಗ 1981ರಲ್ಲಿ ಅಮೆರಿಕದಲ್ಲಿ ಗುರುತಿಗೆ ಬಂದಿತು. 1983ರಲ್ಲಿ ಪ್ಯಾರಿಸಿನಲ್ಲಿ ವೈರಸ್ ಕಂಡಿತು. ಮರುವರ್ಷವೇ, 1984ರಲ್ಲಿ, ಲಂಡನ್ನಿನ ಮತ್ತು ಪ್ಯಾರಿಸಿನ ಎರಡು ತಂಡಗಳು ಅದರ ಬಾಗಿಲನ್ನು ಗುರುತಿಸಿದವು: ಬಿಳಿರಕ್ತಕೋಶಗಳ ಮೇಲಿರುವ ಸಿಡಿ 4 ಎಂಬ ಪ್ರೋಟೀನು. ಭಾರತದಲ್ಲಿ ಮೊದಲ ಸೋಂಕು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ದುಡಿಮೆಯಿಂದ. ಅಂದರೆ ರೋಗ ನಮ್ಮಲ್ಲಿ ಕಾಣುವುದಕ್ಕೆ ಮೊದಲೇ ಅದರ ಬಾಗಿಲು ಯಾವುದೆಂದು ಜಗತ್ತಿಗೆ ತಿಳಿದಿತ್ತು. ದೊಡ್ಡರೋಗದ ಕಥೆಗೆ ಇದು ಸರಿಯಾಗಿ ವಿರುದ್ಧ.

ಬಾಗಿಲು ಎಂಬ ಮಾತನ್ನು ಸ್ವಲ್ಪ ಎಚ್ಚರದಿಂದ ಬಳಸಬೇಕು. ಯಾವ ಜೀವಕೋಶವೂ ವೈರಸ್ಸಿಗಾಗಿ ಬಾಗಿಲು ಕಟ್ಟಿರುವುದಿಲ್ಲ. ಇಲಿಗಳ ಒಂದು ರೆಟ್ರೋವೈರಸ್ಸಿನ ಗ್ರಾಹಕವನ್ನು 1989ರಲ್ಲಿ ಗುರುತಿಸಿದರು; ಆಮೇಲೆ ಅದು ಕೋಶದೊಳಕ್ಕೆ ಅಮೈನೋ ಆಮ್ಲವೆಂಬ ಆಹಾರಾಂಶವನ್ನು ಸಾಗಿಸುವ ಪ್ರೋಟೀನೆಂದು ತಿಳಿದುಬಂತು. ಸಿಡಿ 4 ಕೂಡ ಹಾಗೆಯೇ. ರೋಗಾಣು ಬಂದಾಗ ದೇಹದ ಇತರ ಕಾವಲುಕೋಶಗಳನ್ನು ಎಚ್ಚರಿಸುವ ಕೋಶಗಳು ತಮ್ಮ ಕೆಲಸಕ್ಕಾಗಿ ಇಟ್ಟುಕೊಂಡಿರುವ ಉಪಕರಣ ಅದು. ವೈರಸ್ ಹಿಡಿಯುವುದು ಕಾವಲುಗಾರನ ಕೈಯನ್ನೇ. ಸ್ಲಾಮ್ ಕೂಡ ಅಂಥದೇ ಕೋಶಗಳ ಮೇಲಿರುವುದನ್ನು ಆಗಲೇ ಹೇಳಿದೆ. ದನದ ರೋಗವೂ ಮನುಷ್ಯರ ರೋಗವೂ ಈ ಒಂದು ವಿಷಯದಲ್ಲಿ ಸಮಾನ.

ಎಚ್‌ಐವಿಯ ಹೊದಿಕೆಯ ಮೇಲೆ ಹತ್ತು ಹದಿನೈದು ಮುಳ್ಳುಗಳು ಮಾತ್ರ ಇರುತ್ತವೆ. ಒಂದೊಂದು ಮುಳ್ಳಿನಲ್ಲಿಯೂ ಹೊರಗಡೆ ಜಿಪಿ 120 ಎಂಬ ಪ್ರೋಟೀನಿನ ಮೂರು ಪ್ರತಿಗಳು, ಅವುಗಳ ಬುಡದಲ್ಲಿ ಜಿಪಿ 41 ಎಂಬುದರ ಮೂರು ಪ್ರತಿಗಳು. ಜಿಪಿ 120 ಮೊದಲು ಸಿಡಿ 4ನ್ನು ಹಿಡಿಯುತ್ತದೆ. ಹಿಡಿದೊಡನೆ ಅದರ ಆಕಾರ ಬದಲಾಗಿ, ಅದುವರೆಗೆ ಮರೆಯಲ್ಲಿದ್ದ ಇನ್ನೊಂದು ಭಾಗ ಹೊರಗೆ ಬರುತ್ತದೆ. ಆ ಭಾಗ ಕೋಶದ ಮೇಲಿನ ಎರಡನೆಯ ಗ್ರಾಹಕವನ್ನು, ಸಾಮಾನ್ಯವಾಗಿ ಸಿಸಿಆರ್ 5 ಎಂಬುದನ್ನು, ಹಿಡಿಯುತ್ತದೆ. ಎರಡನೆಯ ಗ್ರಾಹಕವೂ ಬೇಕೆಂಬುದು ತಿಳಿದದ್ದು 1996ರಲ್ಲಿ. ಹಳ್ಳಿಯ ಮನೆಗಳಲ್ಲಿ ಚಿಲಕ ತೆಗೆದರೂ ಅಗುಳಿ ತೆಗೆಯದೆ ಬಾಗಿಲು ತೆರೆಯದು, ಅದೇ ರೀತಿ. ಎರಡೂ ತೆರೆದ ಮೇಲೆ ಬುಡದಲ್ಲಿದ್ದ ಜಿಪಿ 41 ಈಟಿಯಂತೆ ನೀಳವಾಗಿ ಚಾಚಿ ಕೋಶದ ಪೊರೆಗೆ ನಾಟುತ್ತದೆ. ಮರುಗಳಿಗೆ ಮಡಿಸಿದ ಚಾಕುವಿನಂತೆ ತನ್ನ ಮೇಲೆಯೇ ಮಡಿಚಿಕೊಂಡು ಎರಡು ಪೊರೆಗಳನ್ನು ಹತ್ತಿರ ಎಳೆಯುತ್ತದೆ. ಎರಡು ಎಣ್ಣೆಯ ಹನಿಗಳು ಕೂಡಿ ಒಂದಾಗುವಂತೆ ಪೊರೆಗಳು ಕೂಡಿಕೊಳ್ಳುತ್ತವೆ. ವೈರಸ್ಸಿನ ತಿರುಳು ಒಳಕ್ಕಿಳಿಯುತ್ತದೆ.

1998ರಲ್ಲಿ ಜಿಪಿ 120ರ ತಿರುಳು ಸಿಡಿ 4ನ್ನು ಹಿಡಿದಿರುವ ಚಿತ್ರ ಪರಮಾಣುಗಳ ಮಟ್ಟದಲ್ಲಿ ದೊರೆಯಿತು. 2013ರಲ್ಲಿ ಇಡೀ ಮುಳ್ಳಿನ ರಚನೆ ತಿಳಿಯಿತು. ಇಷ್ಟು ತಿಳಿದ ಮೇಲೆ ಲಸಿಕೆ ಏಕೆ ಬರಲಿಲ್ಲ? ಜಿಪಿ 120ನ್ನೇ ಲಸಿಕೆಯಾಗಿ ಕೊಟ್ಟ ದೊಡ್ಡ ಪ್ರಯೋಗಗಳು 2003ರಲ್ಲಿ ವಿಫಲವಾದವು. 2009ರಲ್ಲಿ ಥಾಯ್ಲೆಂಡಿನಲ್ಲಿ ಮುಗಿದ ಪ್ರಯೋಗದಲ್ಲಿ ಶೇಕಡ 31ರಷ್ಟು ರಕ್ಷಣೆ ಕಂಡುಬಂದಿತು. ಅದನ್ನೇ ಮುಂದುವರಿಸಿದ ದಕ್ಷಿಣ ಆಫ್ರಿಕಾದ ಪ್ರಯೋಗವನ್ನು 2020ರಲ್ಲಿ ನಿಲ್ಲಿಸಬೇಕಾಯಿತು.

ಕಾರಣಗಳನ್ನು ಹೇಳುವುದು ಕಷ್ಟವಲ್ಲ. ಜಿಪಿ 120ರ ತೂಕದಲ್ಲಿ ಸುಮಾರು ಅರ್ಧ ಭಾಗ ಸಕ್ಕರೆಯ ಸರಪಳಿಗಳು. ಅವು ನಮ್ಮ ಕೋಶವೇ ಜೋಡಿಸಿಕೊಟ್ಟ ಸಕ್ಕರೆಗಳು. ಮನೆಯ ಕಂಬಳಿಯನ್ನೇ ಹೊದ್ದು ಬರುವ ಕಳ್ಳನನ್ನು ಮನೆಯ ನಾಯಿ ಬೊಗಳುವುದಿಲ್ಲವಷ್ಟೆ? ಸಿಡಿ 4ನ್ನು ಹಿಡಿಯುವ ಜಾಗ ಕುಳಿಯಂತೆ ಒಳಗಿದೆ. ಎರಡನೆಯ ಗ್ರಾಹಕವನ್ನು ಹಿಡಿಯುವ ಜಾಗ ಒಂದು ಗಳಿಗೆ ಮಾತ್ರ ಹೊರಬರುತ್ತದೆ. ಎಲ್ಲಕ್ಕೂ ಮಿಗಿಲಾಗಿ ಮುಳ್ಳಿನ ಹೊರಮೈ ಬದಲಾಗುತ್ತಲೇ ಇರುತ್ತದೆ. ಪ್ರತಿಕಾಯ ಒಂದನ್ನು ಗುರುತಿಸುವಷ್ಟರಲ್ಲಿ ಇನ್ನೊಂದು ವೇಷ. ದೊಡ್ಡರೋಗದ ವೈರಸ್ಸು ಹಾಗೆ ವೇಷ ಬದಲಿಸಲಿಲ್ಲ. ಒಂದೇ ಲಸಿಕೆ ಎಲ್ಲ ಕಡೆಯೂ ಸಾಕಾಯಿತು. ಅದರಿಂದ ಚೇತರಿಸಿಕೊಂಡ ದನ ಪೂರ್ತಿಯಾಗಿ ಚೇತರಿಸಿಕೊಳ್ಳುತ್ತಿತ್ತು. ಪ್ರಕೃತಿಯೇ ಅಲ್ಲಿ ದಾರಿ ತೋರಿಸಿತ್ತು, ಮನುಷ್ಯ ಅದನ್ನು ಅನುಸರಿಸಿದ. ಎಚ್‌ಐವಿ ನಮ್ಮ ಕೋಶದ ಮೂಲಗ್ರಂಥದಲ್ಲಿ ಬರೆದುಕೊಂಡು ಕುಳಿತಿರುವುದರಿಂದ ದೇಹ ತಾನಾಗಿ ಅದನ್ನು ಕಳೆದುಕೊಳ್ಳುವುದು ಅತ್ಯಂತ ವಿರಳ. ಅನುಸರಿಸಲು ಮೇಲ್ಪಂಕ್ತಿಯೇ ಇಲ್ಲ.

ಹಾಗೆಂದು ಕೆಲಸ ನಿಂತಿಲ್ಲ. ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ತಂಡ ಜಿಪಿ 120ನ್ನು ಇಡಿಯಾಗಿ ತೋರಿಸುವ ಬದಲು, ಬದಲಾಗಲಾರದ ಭಾಗವನ್ನು ಮಾತ್ರ ಬಿಡಿಸಿ ದೇಹಕ್ಕೆ ತೋರಿಸುವ ಪ್ರಯತ್ನವನ್ನು ವರ್ಷಗಳ ಕಾಲ ನಡೆಸಿದೆ. ಜಕ್ಕೂರಿನಲ್ಲಿ 1989ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ಪ್ರಯೋಗಾಲಯ, ಭಾರತದಲ್ಲಿ ಹೆಚ್ಚಾಗಿರುವ ಸಿ ಎಂಬ ಉಪವರ್ಗದ ಎಚ್‌ಐವಿಯನ್ನು ದೀರ್ಘಕಾಲ ಅಭ್ಯಾಸ ಮಾಡಿದೆ. ಬಾಗಿಲ ಅರಿವು ಮದ್ದುಗಳನ್ನೂ ಕೊಟ್ಟಿದೆ: ಜಿಪಿ 41 ಮಡಿಚಿಕೊಳ್ಳದಂತೆ ತಡೆಯುವ ಮದ್ದು 2003ರಲ್ಲಿ ಬಂದಿತು, ಸಿಸಿಆರ್ 5ನ್ನು ಮುಚ್ಚುವ ಮದ್ದು 2007ರಲ್ಲಿ. ಹುಟ್ಟಿನಿಂದಲೇ ಸಿಸಿಆರ್ 5 ಕೆಲಸಮಾಡದ ಕೆಲವರು ಯೂರೋಪಿನವರಲ್ಲಿದ್ದಾರೆ; ಅವರಿಗೆ ಸೋಂಕು ತಗಲುವುದು ಬಹಳ ಅಪರೂಪ. ಅಂಥವರ ಅಸ್ಥಿಮಜ್ಜೆಯನ್ನು ಪಡೆದ ರೋಗಿಯೊಬ್ಬ ಎಚ್‌ಐವಿಯಿಂದ ಪೂರ್ತಿ ಬಿಡುಗಡೆಯಾದುದು 2009ರಲ್ಲಿ ವರದಿಯಾಯಿತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಇದು ವಿಜ್ಞಾನದ ಇತಿಹಾಸ ಮಾತ್ರವಾದೀತು. ಬಾಗಿಲು ಯಾವುದೆಂದು ತಿಳಿದವರಿಗೆ ಅದರೊಡನೆಯೇ ಇನ್ನೊಂದು ವಿಷಯವೂ ತಿಳಿಯುತ್ತದೆ: ಯಾವುದು ಬಾಗಿಲಲ್ಲ ಎಂಬುದು. ಗಾಯವಿಲ್ಲದ ಚರ್ಮದ ಮೇಲ್ಪದರ ಸತ್ತ ಕೋಶಗಳದು; ಅಲ್ಲಿ ವೈರಸ್ ಹಿಡಿಯುವ ಹಿಡಿಕೆಯಿಲ್ಲ. ಲೋಟದಲ್ಲಿಲ್ಲ, ತಟ್ಟೆಯಲ್ಲಿಲ್ಲ, ಶಾಲೆಯ ಬೆಂಚಿನಲ್ಲಿಲ್ಲ. ಸೊಳ್ಳೆಯ ಕೋಶಗಳಲ್ಲಿ ಸಿಡಿ 4 ಇಲ್ಲ. ಆದ್ದರಿಂದ ಅದರ ಹೊಟ್ಟೆಗೆ ಹೋದ ವೈರಸ್ಸು ಅಲ್ಲಿ ಬೆಳೆಯಲಾರದು, ಜೀರ್ಣವಾಗಿ ಹೋಗುತ್ತದೆ.

1990ರ ದಶಕದ ಕೊನೆಯಲ್ಲಿ ನಾನು ಕೆಲಸದಲ್ಲಿದ್ದ ಒಂದು ಕಾಲೇಜಿನಲ್ಲಿ ಚಹಾ ತಂದುಕೊಡುತ್ತಿದ್ದ ಜವಾನನೊಬ್ಬನಿಗೆ ಈ ಸೋಂಕು ಇದೆಯೆಂಬ ಸುದ್ದಿ ಹಬ್ಬಿತು. ಮರುದಿನದಿಂದ ಅವನ ಕೈಯ ಚಹಾವನ್ನು ಯಾರೂ ಮುಟ್ಟಲಿಲ್ಲ. ಅವನಿಗೆಂದು ಬೇರೆ ಲೋಟವೊಂದನ್ನು ಕಿಟಕಿಯ ಹೊರಗೆ ಇಟ್ಟರು. ಒಂದು ದಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಅಧ್ಯಾಪಕರ ಕೊಠಡಿಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ಒಂದು ಕೋಶವನ್ನೂ ಒಂದು ವೈರಸ್ಸನ್ನೂ ಬರೆದು, ಅದು ಹಿಡಿಯಬೇಕಾದ ಕೈ ಯಾವುದು, ಅದು ಎಲ್ಲಿರುತ್ತದೆ ಎಂದು ವಿವರಿಸಿದರು. “ಈ ಕೈ ನಿಮ್ಮ ಲೋಟದ ಅಂಚಿನಲ್ಲಿ ಎಲ್ಲಿದೆ, ತೋರಿಸಿ ಸ್ವಾಮಿ” ಎಂದರು. ಕೆಲವರು ಅಂದೇ ಅವನನ್ನು ಕರೆದು ಚಹಾ ತರಿಸಿ ಕುಡಿದರು. ಕೆಲವರು ಕೊನೆಯವರೆಗೂ ಕುಡಿಯಲಿಲ್ಲ. ಅಸ್ಪೃಶ್ಯತೆಯ ವಿರುದ್ಧ ನಾನು ಎಷ್ಟೋ ವಚನಗಳ ಪಾಠ ಹೇಳಿದ್ದೇನೆ. ಒಂದು ಅಣುವಿನ ಚಿತ್ರ ಅದೇ ವಾದವನ್ನು ಮಾಡಬಲ್ಲದೆಂಬುದನ್ನು ನಾನು ಅಂದು ಕಂಡೆ.

ಕರ್ನಾಟಕ ಈ ರೋಗ ಹೆಚ್ಚಾಗಿದ್ದ ರಾಜ್ಯಗಳಲ್ಲಿ ಒಂದಾಗಿತ್ತು. 2004ರ ಏಪ್ರಿಲ್‌ನಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಮದ್ದು ಉಚಿತವಾಗಿ ದೊರೆಯತೊಡಗಿತು. ಮೈಸೂರಿನ ಆಶೋದಯದಂಥ ಸಂಘಟನೆಗಳಲ್ಲಿ ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳೇ ಮುಂದೆ ನಿಂತು ತಮ್ಮವರಿಗೆ ತಿಳಿವಳಿಕೆ ಹೇಳಿದರು. ಮದ್ದನ್ನು ತಪ್ಪದೆ ಸೇವಿಸಿ ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ತಗ್ಗಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದ ಮೂಲಕ ಸೋಂಕು ತಗಲದೆಂಬುದು ಈಗ ಸಿದ್ಧವಾದ ಸಂಗತಿ. ಲಸಿಕೆಯಿಲ್ಲದಿದ್ದರೂ ಹೊಸ ಸೋಂಕು ಅಂದಿಗಿಂತ ಬಹಳ ಇಳಿದಿದೆ. 2017ರಲ್ಲಿ ಸಂಸತ್ತು ಮಾಡಿದ ಕಾಯಿದೆ, ಸೋಂಕಿತರನ್ನು ಕೆಲಸದಲ್ಲಿ, ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬಾಡಿಗೆ ಮನೆಯಲ್ಲಿ ಭೇದದಿಂದ ಕಾಣುವುದನ್ನು ನಿಷೇಧಿಸಿದೆ.

ಈಗ ಮೊದಲು ಕೇಳಿಕೊಂಡ ಪ್ರಶ್ನೆಗೆ ಬರೋಣ. ತಿಳಿಯದೆಯೂ ಬಾಗಿಲು ಮುಚ್ಚಬಹುದೆಂದು ಹೆಬ್ಬಾಳದ ಸೀರಂ ತೋರಿಸಿತು. ತಿಳಿದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲವೆಂದು ಎಚ್‌ಐವಿ ತೋರಿಸಿದೆ. ಆದರೆ ತಿಳಿಯದ ಕಾಲದಲ್ಲಿ ಮಾರಿಯನ್ನು ಗಡಿಯಾಚೆಗೆ ದಾಟಿಸಿದವರಿಗೆ ಒಂದು ಸಮಾಧಾನವಿತ್ತು. ರೋಗದ ದಾರಿ ಯಾವುದೆಂದು ಅವರಿಗೆ ಹೇಳಿದವರಿರಲಿಲ್ಲ. ರೋಗಿಯನ್ನೇ ಗಡಿಯಾಚೆಗೆ ದಾಟಿಸುವ ನಮಗೆ ಆ ಸಮಾಧಾನ ಉಳಿದಿಲ್ಲ. ಜಿಪಿ 120ರ ಬದಲಾಗುವ ವೇಷವನ್ನು ಗೆಲ್ಲುವುದು ಯಶವಂತಪುರದ, ಜಕ್ಕೂರಿನ ಮತ್ತು ಲೋಕದ ಇತರ ಕಡೆಗಳ ವಿಜ್ಞಾನಿಗಳಿಗೆ ಬಿಟ್ಟ ಕೆಲಸ. ಅದಕ್ಕೆ ಇನ್ನೂ ಎಷ್ಟು ಕಾಲ ಬೇಕೋ. ಬಾಗಿಲಲ್ಲದ ಕಡೆ ಬಾಗಿಲನ್ನು ಕಲ್ಪಿಸಿ, ಅದನ್ನು ನೆರೆಯವನ ಮುಖಕ್ಕೆ ಮುಚ್ಚದಿರುವುದು ಮಾತ್ರ ನಮ್ಮ ನಿಮ್ಮೆಲ್ಲರ ಕೆಲಸ. ಅದಕ್ಕೆ ಬೇಕಾದಷ್ಟು ತಿಳಿವು 1984ರಿಂದಲೇ ನಮ್ಮ ಬಳಿಯಿದೆ.